ಅತ್ತೆ ಸರಿ ಮಾಡಿಟ್ಟ ಮಕ್ಲೂಬಾ

ಗೆಳೆಯರೇ, ಇವತ್ತು ಮಧ್ಯಾಹ್ನ ದುಬೈನ ಅಲ್ ಕುಸೈಸ್‌ನ ನಮ್ಮ ಅಡುಗೆಮನೆಯಲ್ಲಿ ನಡೆದದ್ದು. ಪಕ್ಕದ ಫ್ಲಾಟಿನ ಪ್ಯಾಲೆಸ್ತೀನಿ ಗೆಳತಿ ಉಮ್ ಸಾಮರ್ ನಮಗಾಗಿ ಮಾಂಸ ಬಿಟ್ಟು ಬದನೆಕಾಯಿ ಮಕ್ಲೂಬಾ, ಅಂದರೆ ಅವರ ಕಡೆಯ 'ಬೋರಲು ಅನ್ನ', ಮಾಡಿದಳು. ಪಾತ್ರೆಯ ತಳದಲ್ಲಿ ಕರಿದ ಬದನೆ, ಮೇಲೆ ಅಕ್ಕಿ. ಬೆಂದ ಮೇಲೆ ಪಾತ್ರೆಯನ್ನು ದೊಡ್ಡ ತಟ್ಟೆಗೆ ಬೋರಲು ಹಾಕಿ, "ಹತ್ತು ನಿಮಿಷ ಯಾರೂ ಮುಟ್ಟಬೇಡಿ, ಆಮೇಲೆ ಎತ್ತಿದ್ರೆ ಕೇಕಿನ ಥರ ನಿಲ್ಲತ್ತೆ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ ನಮಾಜಿಗೆ ಹೋದಳು.

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಲು ನಾನು ಮರೆತೆ. ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ, ಸುಮ್ಮನೆ ಕೂರುವವರಲ್ಲ. ನಾನು ಊಟದ ಮೇಜು ಒರೆಸಿ ಬರುವಷ್ಟರಲ್ಲಿ, "ಅನ್ನದ ಪಾತ್ರೆ ಯಾರಾದ್ರೂ ಬೋರಲು ಹಾಕ್ತಾರೇನಮ್ಮ? ತಟ್ಟೆ ಸಮೇತ ತಿರುಗಿಸಿ ಸರಿ ಮಾಡಿಟ್ಟಿದೀನಿ" ಎಂದರು.

ಉಮ್ ಸಾಮರ್ ಬಂದು, ನೆಟ್ಟಗೆ ಕೂತಿದ್ದ ಪಾತ್ರೆಯನ್ನೂ ಅತ್ತೆಯ ಮುಖವನ್ನೂ ನೋಡಿದಳು. ತಟ್ಟೆ ಒತ್ತಿ ಹಿಡಿದು ಮತ್ತೆ ಮಗುಚಿದಳು. ಎತ್ತಿದರೆ ಬದನೆ ಒಂದು ಕಡೆ, ಅನ್ನ ಒಂದು ಕಡೆ. "ಖಲಾಸ್, ಟುಡೇ ಬಿರಿಯಾನಿ" ಎನ್ನುತ್ತ ಅತ್ತೆಗೇ ಮೊದಲು ಬಡಿಸಿದಳು. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಈಗ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದಾರೆ: "ಅರಬರ ಅಡುಗೆ ಕಲ್ತೆ ಕಣೇ. ಕಷ್ಟ ಏನಿಲ್ಲ, ಪಾತ್ರೇನ ಮೂರು ಸಲ ಮಗುಚಬೇಕು ಅಷ್ಟೇ."