ಕಾಗವಾಡದಲ್ಲಿ ನಾನು ಬ್ರಹ್ಮಚಾರಿ

ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರಲಿಲ್ಲ, ಹೊತ್ತು ಮುಳುಗಿದ ಮೇಲೆ ಊಟ ಇರಲಿಲ್ಲ, ಸೋಸದ ನೀರು ಯಾರೂ ಕುಡಿಯುತ್ತಿರಲಿಲ್ಲ. ತಂಬಾಕು ಮಾತ್ರ ಗೋದಾಮು ತುಂಬ ಇತ್ತು. ನಿಪ್ಪಾಣಿಯ ಜೈನ ವ್ಯಾಪಾರಿಯ ಮನೆ ಎಂದರೆ ಹಾಗೆಯೇ. ಅಂಥ ಮನೆಯ ಒಬ್ಬನೇ ಮಗ, ಚಹಾ ತಂಬಾಕು ಎರಡನ್ನೂ ಮುಟ್ಟಬಾರದು ಎನ್ನುವ ಪಂಥಕ್ಕೆ ಸೇರಿ ಬಂದರೆ ಅಪ್ಪನಿಗೆ ಹೇಗಾಗಿರಬೇಕು?

ತೊಂಬತ್ತರ ದಶಕದ ಮೊದಲ ವರ್ಷಗಳವು. ಓದಲೆಂದು ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಬಿಳಿ ಅಂಗಿ ತೊಟ್ಟು ಇಬ್ಬಿಬ್ಬರಾಗಿ ತಿರುಗುತ್ತಿದ್ದ ಹುಡುಗರ ಜತೆ ಮಾತಿಗೆ ಬಿದ್ದು ಮಾರ್ಮನ್ ಆದೆ. ಅಮೆರಿಕದಲ್ಲಿ ಹುಟ್ಟಿದ, ಕ್ರಿಸ್ತನನ್ನು ನಂಬುವ ಪಂಥ ಅದು. ಅದರ ಹುಡುಗರು ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿಗೆ ಹೋಗಿ, ಬಾಗಿಲು ಬಾಗಿಲು ತಟ್ಟಿ ಧರ್ಮ ಹೇಳಬೇಕು. ನನಗೆ ಬಂದದ್ದು ಇಂಗ್ಲೆಂಡು.

"ಇಂಗ್ರೇಜಿ ಮಂದಿ ಇಲ್ಲಿಗೆ ಬಂದು ಧರ್ಮಾ ಹೇಳಿ ಹ್ವಾದ್ರು. ಈಗ ಇಂವ ಹೋಗಿ ಅವರಿಗೇ ಹೇಳ್ತಾನಂತ" ಎಂದು ಅಪ್ಪ ಅವ್ವನಿಗೆ ಹೇಳಿದ. ನನಗೆ ನೇರವಾಗಿ ಏನನ್ನೂ ಹೇಳುತ್ತಿರಲಿಲ್ಲ. ಅವ್ವ ಅಳುತ್ತಿದ್ದಳು. ಮನೆಯಲ್ಲಿ ನನ್ನ ಪರ ಇದ್ದವಳು ತಂಗಿ ಒಬ್ಬಳೇ. "ಎರಡು ವರ್ಷ ಅಲ್ಲನ? ಹೋಗಿ ಬರ್ಲಿ ಬಿಡ್ರಿ. ಓಡಿಯೇನ್ ಹೋಗಾಕತ್ತಿಲ್ಲ" ಎಂದು ಅವಳೇ ಅಪ್ಪನ ಎದುರು ನಿಂತಳು. ಕೊನೆಗೆ ಅಪ್ಪ ಒಂದು ಮಾತು ಕೊಟ್ಟ: ನಾನು ತಿರುಗಿ ಬರುವವರೆಗೆ ತಂಗಿಯ ಲಗ್ನ ಮಾಡುವುದಿಲ್ಲ. ಹಂದರದಲ್ಲಿ ಅಣ್ಣ ಇರಲೇಬೇಕು.

ನಮ್ಮ ಗಡಿ ಭಾಗದ ಮದುವೆಗಳಲ್ಲಿ ವಧುವಿನ ಅಣ್ಣನೋ ತಮ್ಮನೋ ವರನ ಕಿವಿ ಹಿಂಡುವ ಪದ್ಧತಿ ಇದೆ. ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೊ, ಇಲ್ಲದಿದ್ದರೆ ನಾವಿದ್ದೇವೆ ಎನ್ನುವ ಎಚ್ಚರಿಕೆ. ನಾನು ಹೊರಡುವ ದಿನ ತಂಗಿ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದಳು. "ಗಟ್ಟ್ಯಾಗಿ ಹಿಂಡಬೇಕ್ ನೋಡ್ ದಾದಾ, ಕೆಂಪಗ ಆಗ್ಬೇಕು" ಎಂದಳು. ಅಣ್ಣನನ್ನು ನಾವು ಮರಾಠಿಯವರ ಹಾಗೆ ದಾದಾ ಎನ್ನುತ್ತೇವೆ.

ಇಂಗ್ಲೆಂಡಿನ ಆ ಊರಿನಲ್ಲಿ ನನ್ನ ಅಂಗಿಯ ಮೇಲೆ ಕರಿಯ ಬಿಲ್ಲೆ ಇತ್ತು, ಅದರ ಮೇಲೆ 'ಎಲ್ಡರ್' ಎಂದಿತ್ತು. ಎಲ್ಡರ್ ಎಂದರೆ ಹಿರಿಯ. ಮೀಸೆ ಸರಿಯಾಗಿ ಬಲಿಯದ ನಾನು ಹಿರಿಯ. ನನಗಿಂತ ಎರಡು ವರ್ಷ ಚಿಕ್ಕವನಾದ ನನ್ನ ಜೋಡಿಗಾರ, ಅಮೆರಿಕದ ರೈತರ ಮನೆಯ ಹುಡುಗ, ಅವನೂ ಹಿರಿಯ. ಜೋಡಿಗಾರನನ್ನು ಕಣ್ಣಳತೆಯಿಂದ ಆಚೆ ಬಿಡುವ ಹಾಗಿರಲಿಲ್ಲ. ಪಾಯಖಾನೆಗೆ ಹೋದಾಗ ಮಾತ್ರ ನಾನು ಒಬ್ಬನೇ ಇರುತ್ತಿದ್ದೆ. ಬೆಳಕು ಹರಿಯುವ ಮೊದಲೇ ಎದ್ದು ಪ್ರಾರ್ಥನೆ, ಓದು, ಆಮೇಲೆ ಸೈಕಲ್ಲು, ಮಳೆ, ಬಾಗಿಲು. ಸಿನಿಮಾ ಇಲ್ಲ, ಹಾಡು ಇಲ್ಲ, ಹುಡುಗಿಯರ ಕೈ ಕುಲುಕಬಹುದು, ಅದಕ್ಕಿಂತ ಹೆಚ್ಚಿಲ್ಲ. ತಿಂಗಳಿಗೊಂದು ಉಪವಾಸ. ಮಾಂಸ ಒಲ್ಲೆ ಎಂದು ನಾನಾಗಿಯೇ ಬಿಟ್ಟಿದ್ದೆ. ಊಟಕ್ಕೆ ಕರೆದ ಮನೆಯವರು ಇವನಿಗೆ ಏನು ಕಾಯಿಲೆ ಎಂದು ಜೋಡಿಗಾರನನ್ನು ಕೇಳುತ್ತಿದ್ದರು.

ಬಾಗಿಲು ತೆರೆದವರು ನನ್ನ ಬಣ್ಣ ನೋಡಿ, ನಮಗೆ ಬಟ್ಟೆ ಬೇಡ, ಜಮಖಾನೆ ಬೇಡ ಎಂದು ಮುಚ್ಚುತ್ತಿದ್ದರು. ಒಮ್ಮೆ ಒಬ್ಬ ಗುಜರಾತಿ ಮುದುಕಿ ಬಾಗಿಲು ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾ ಕೋ ಮಾಲೂಮ್ ಹೈ?" ಎಂದಳು. ಅವ್ವನಿಗೆ ಗೊತ್ತಿದೆ ಎಂದೆ. ಬೈಯಲಿಲ್ಲ. ಒಳಗೆ ಹೋಗಿ ಕಡಲೆಹಿಟ್ಟಿನಲ್ಲಿ ಕರಿದ ಗಾಠಿಯಾ ಒಂದು ಮುಷ್ಟಿ ತಂದು ಕೈಗೆ ಹಾಕಿ ಬಾಗಿಲು ಮುಚ್ಚಿದಳು. ಜೋಡಿಗಾರ ಅದನ್ನು ತಿಂದು, ಈ ಓಣಿಗೆ ನಾಳೆಯೂ ಬರೋಣ ಎಂದ.

ಯಾರಾದರೂ ಒಳಗೆ ಕರೆದರೆ ನಾವು ಹೇಳುತ್ತಿದ್ದ ಮುಖ್ಯ ಮಾತು ಮನೆಯವರ ಬಗ್ಗೆ. ಮನೆಯವರ ನಂಟು ಸಾವಿನಿಂದಲೂ ಕಡಿಯುವುದಿಲ್ಲ, ಸತ್ತ ಮೇಲೂ ತಂದೆ ತಂದೆಯೇ, ತಂಗಿ ತಂಗಿಯೇ ಎಂದು. ಈ ಮಾತು ನನಗೆ ಬಾಯಿಪಾಠದ ಮಾತಾಗಿರಲಿಲ್ಲ. ತಂಗಿಯನ್ನು ನೆನೆಸಿಕೊಂಡು ಹೇಳುತ್ತಿದ್ದೆ, ಅದಕ್ಕೇ ಜನ ಕೇಳುತ್ತಿದ್ದರು. ನನ್ನ ದಿನಚರಿಯನ್ನೆಲ್ಲ ವಾರ ವಾರ ಅವಳಿಗೆ ಬರೆಯುತ್ತಿದ್ದೆ. ಬಿಳಿ ಅಂಗಿ, ಉಪವಾಸ, ಚಹಾ ಇಲ್ಲದ ಮುಂಜಾನೆಗಳು, ಎಲ್ಲವನ್ನೂ.

ಮನೆಗೆ ಫೋನು ಮಾಡಲು ವರ್ಷಕ್ಕೆ ಎರಡೇ ಸಲ ಅನುಮತಿ: ಕ್ರಿಸ್‌ಮಸ್ಸಿಗೆ ಒಮ್ಮೆ, ಮೇ ತಿಂಗಳಲ್ಲಿ ತಾಯಂದಿರ ದಿನಕ್ಕೆ ಒಮ್ಮೆ. ನಮ್ಮ ಮನೆಯ ಪಕ್ಕದ ಬಟ್ಟೆ ಅಂಗಡಿಗೆ ಫೋನು ಮಾಡುತ್ತಿದ್ದೆ. ಎಲ್ಲರೂ ಅಲ್ಲಿ ಬಂದು ಕಾಯುತ್ತಿದ್ದರು. ಅವ್ವ ಊಟ ಆಯಿತೇ ಎಂದು ಕೇಳಿ ಅಳುತ್ತಿದ್ದಳು. ಅಪ್ಪ ಫೋನಿಗೆ ಬರುತ್ತಲೇ ಇರಲಿಲ್ಲ, ಸಿಟ್ಟು ಇಳಿದಿಲ್ಲ ಎಂದುಕೊಂಡೆ. ತಂಗಿ ಮಾತ್ರ ಪ್ರತಿ ಸಲವೂ ಬಂದಳು.

"ಎಲ್ಲ್ಯರ ಲಗ್ನ ಆತೇನ ನಿಂದು?" ಎಂದು ನಾನು ಕಾಡುತ್ತಿದ್ದೆ.

"ನೀ ಬರೂತನಕ ನಾ ಎಲ್ಲಿ ಹೋಗ್ಲಿ ದಾದಾ?" ಎಂದು ಅವಳು ನಗುತ್ತಿದ್ದಳು. ಆ ನಗುವಿನ ಮೇಲೆ ನಾನು ಆರು ತಿಂಗಳು ಬದುಕುತ್ತಿದ್ದೆ.

ಎರಡು ವರ್ಷ ಮುಗಿಸಿ ನಿಪ್ಪಾಣಿಗೆ ಬಂದಿಳಿದೆ. ಅವ್ವ ಆರತಿ ಎತ್ತಿದಳು. ಅಪ್ಪ ನನ್ನ ಮುಖ ನೋಡದೆ ಗೋದಾಮಿಗೆ ಹೋದ. ತಂಗಿ ಎಲ್ಲಿ ಎಂದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಕಾಗವಾಡಕ್ಕ ಕೊಟ್ಟೇವಪಾ. ನೀ ಹ್ವಾದ ವರ್ಷಾನ. ದೀಪಾವಳಿ ಆದ ಮ್ಯಾಲ" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಗಾದರೆ ಮೊದಲ ಕ್ರಿಸ್‌ಮಸ್ಸಿಗೆ ಫೋನಿನಲ್ಲಿ ನಕ್ಕವಳ ಕೊರಳಲ್ಲಿ ತಾಳಿ ಇತ್ತು. ನನ್ನೊಡನೆ ಮಾತಾಡಲೆಂದೇ ಗಂಡನ ಮನೆಯಿಂದ ಬಸ್ಸು ಹತ್ತಿ ಬಂದು, ಮಾತಾಡಿ, ತಿರುಗಿ ಹೋಗುತ್ತಿದ್ದಳು. ಬಟ್ಟೆ ಅಂಗಡಿಯವನಿಗೂ ಗೊತ್ತು, ಇಡೀ ಓಣಿಗೇ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ. ಕಿವಿ ಹಿಂಡಿದವರು ಯಾರು ಎಂದು ಕೇಳಿದೆ. ನಗು ಬರುವ ಪ್ರಶ್ನೆ, ಆದರೆ ಬಾಯಿಗೆ ಬಂದದ್ದು ಅದೇ. ಭೋಜ ಊರಿನ ಚಿಕ್ಕಮ್ಮನ ಮಗ ಹಿಂಡಿದ ಎಂದಳು ಅವ್ವ. "ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡ್ಬೇಕಂತಾರ. ಆಗಿದ್ದಾತು, ಉಣ್ಣ ಬಾ."

ನಾನು ಉಣ್ಣಲಿಲ್ಲ. ಇದು ಅಪ್ಪನ ಕೆಲಸ, ಮಾತು ಕೊಟ್ಟು ಮುರಿದಿದ್ದಾನೆ, ಪಾಪ ಹುಡುಗಿ ಏನು ಮಾಡಿಯಾಳು ಎಂದುಕೊಂಡೆ. ಮರುದಿನವೇ ಕಾಗವಾಡಕ್ಕೆ ಹೊರಟೆ. ಅವ್ವ ತಡೆದು ನೋಡಿದಳು. ತಡೆಯಲಾಗದೆ, "ಅಲ್ಲಿ ಯಾರರ ಏನರ ಕೇಳಿದ್ರ ಹೂಂ ಅನ್ನು. ಹೆಚ್ಚಿಗಿ ಮಾತಾಡಬ್ಯಾಡ" ಎಂದಷ್ಟೇ ಹೇಳಿದಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆ. ಕೃಷ್ಣೆ ದಾಟುವಾಗ ಪಕ್ಕದಲ್ಲಿದ್ದವರು ನದಿಗೆ ಚಿಲ್ಲರೆ ಎಸೆದು ಕೈ ಮುಗಿದರು; ನಾನು ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಕೂತಿದ್ದೆ.

ದ್ರಾಕ್ಷಿ ತೋಟದ ಅನುಕೂಲಸ್ಥರ ಮನೆ. ತಂಗಿಯೇ ಬಾಗಿಲಿಗೆ ಬಂದಳು, ತಲೆಯ ಮೇಲೆ ಸೆರಗು. ನನ್ನನ್ನು ಕಂಡವಳು ನಗಲಿಲ್ಲ, ದಾದಾ ಎನ್ನಲಿಲ್ಲ. ನಾನು ಹೊಸ್ತಿಲ ಹತ್ತಿರ ಬಿಟ್ಟ ತೊಗಲಿನ ಬೂಟುಗಳನ್ನು ನೋಡಿ, ಅವನ್ನು ಕಾಲಿನಿಂದಲೇ ನೀರಿನ ಡ್ರಮ್ಮಿನ ಹಿಂದಕ್ಕೆ ತಳ್ಳಿದಳು. ಎರಡು ವರ್ಷದ ನಂತರ ನನ್ನ ತಂಗಿ ಮಾಡಿದ ಮೊದಲ ಕೆಲಸ ಅದು.

ಅಷ್ಟರಲ್ಲಿ ಅವಳ ಅತ್ತೆ ಹೊರಗೆ ಬಂದರು. ಯಾರು ಎಂದು ತಿಳಿದದ್ದೇ ತಡ, ಕಾಲಿಗೆ ನೀರು ಕೊಟ್ಟು, ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನನ್ನ ತಾಯಿಯ ವಯಸ್ಸಿನವರು. "ನಮ್ಮ ಮನೀದು ಪುಣ್ಯ ದೊಡ್ಡದ್ರಿ. ಮುನಿ ಮಹಾರಾಜರ ಸಂಘದ ಜೋಡಿ ಎರಡು ವರ್ಷ ಬರಿಗಾಲಲೆ ನಡದೀರಂತ. ಇಷ್ಟ ಸಣ್ಣ ವಯಸ್ಸಿನ್ಯಾಗ ವ್ರತಾ ತಗೊಂಡು ಬ್ರಹ್ಮಚಾರಿ ಆಗೂದಂದ್ರ ಸಾದಾ ಮಾತಲ್ರಿ" ಎಂದರು.

ತಂಗಿಯ ಕಡೆ ನೋಡಿದೆ. ಅವಳು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಅವಳ ಕಣ್ಣು ನನ್ನನ್ನು ಬೇಡುತ್ತಿತ್ತು. ಅವ್ವನ 'ಹೂಂ' ಆಗ ತಿಳಿಯಿತು. ಹೂಂ ಎಂದೆ.

ಆಮೇಲೆ ನಡೆದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಯಾರೋ ಚಹಾ ತಂದರು. ರೂಢಿಯಂತೆ, ನಾನು ಚಹಾ ಕುಡಿಯಂಗಿಲ್ರಿ ಎಂದೆ. "ನೋಡ್ರಿ, ಚಹಾನೂ ಬಿಟ್ಟಾರ!" ಎಂದು ಅತ್ತೆ ಪಕ್ಕದ ಮನೆಯವಳಿಗೆ ಹೇಳಿದರು. ತಂಗಿಯ ಗಂಡ, ಮೆತ್ತಗಿನ ಸ್ವಭಾವದ ಮನುಷ್ಯ, ಕೈ ಕಟ್ಟಿಕೊಂಡು ಕೂತು, "ಚಾತುರ್ಮಾಸ ಎಲ್ಲಾತ್ರಿ? ಮಳಿ ಜೋರ ಇತ್ತೇನ್ರಿ ಅಲ್ಲೆ?" ಎಂದು ಕೇಳಿದ. ಅಲ್ಲಿ ವರ್ಷವಿಡೀ ಮಳೆ ಎಂದೆ. ದಿನವೂ ಮನೆ ಮನೆಗೆ ಹೋಗುತ್ತಿದ್ದೆವು ಎಂದೆ. ಒಬ್ಬರೇ ಇರುವ ಹಾಗಿಲ್ಲ ಎಂದೆ. ನಾನು ಹೇಳಿದ ಒಂದೊಂದು ನಿಜವೂ ಆ ಸುಳ್ಳಿಗೆ ಒಂದೊಂದು ಕಂಬವಾಯಿತು. ಓಣಿಯವರು ಬಂದು ಬಂದು ಕೈ ಮುಗಿದು ಹೋದರು.

ಊಟದ ನಂತರ ತೋಟ ತೋರಿಸುತ್ತೇನೆಂದು ತಂಗಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಪ್ಪ ಇಷ್ಟ ಕೆಳಗ ಇಳೀತಾನಂತ ನಾ ಅನ್ಕೊಂಡಿರಲಿಲ್ಲ" ಎಂದೆ.

"ಅಪ್ಪಗ ಏನೂ ಅನಬ್ಯಾಡ ದಾದಾ. ಅಂವಗ ಸುಳ್ಳ ಹೇಳಾಕ ಬರೂದಿಲ್ಲ. ನಾ ಹೇಳೀನಿ."

"ನೀ?"

"ಮತ್ತೇನ ಮಾಡ್ಲಿ? ಅಥಣಿಯವರು ನಿನ್ನ ಸುದ್ದಿ ಕೇಳಿ ಬರಲೇ ಇಲ್ಲ. ರಾಯಬಾಗದವರು ಬಂದ್ರು, ಹುಡುಗಿ ಅಣ್ಣ ಕಿರಿಸ್ತಾನ ಆಗ್ಯಾನಂತ ಗೊತ್ತಾಗಿ ಉಪ್ಪಿಟ್ಟು ಮುಟ್ಟಲಾರದ ಎದ್ದು ಹ್ವಾದ್ರು. ಅಪ್ಪ ನೀ ಬರೂತನಕ ಕಾಯೂನು, ಮಾತ ಕೊಟ್ಟೀನಿ ಅಂತಿದ್ದ. ನೀ ಬಂದ ಮ್ಯಾಲ ಯಾರ್ ಬರ್ತಿದ್ರು ದಾದಾ? ಇವರು ಬಂದಾಗ ನಾನ ಮುಂದ ಬಂದು ಹೇಳ್ದೆ, ನಮ್ಮಣ್ಣ ಬ್ರಹ್ಮಚಾರಿ ಆಗಿ ಸಂಘದ ಜೋಡಿ ಹೋಗ್ಯಾನ ಅಂತ. ಅಪ್ಪ ತಲಿ ತಗ್ಗಿಸಿ ಕುಂತ. ಸುಳ್ಳ ಅಂತೂ ಅನಲಿಲ್ಲ, ಖರೆ ಅಂತೂ ಅನಲಿಲ್ಲ."

"ಇಷ್ಟೆಲ್ಲ ಹೆಂಗ ಹುಟ್ಟಿಸಿದಿ?"

"ಹುಟ್ಟಿಸೂದೇನೈತಿ? ನೀನ ಬರ್ದಿದ್ದಿ ಅಲ್ಲ. ಬಿಳಿ ಅಂಗಿ, ಉಪವಾಸ, ಹೆಣ್ಮಕ್ಕಳಿಂದ ದೂರ. ಊರಿನ ಹೆಸರಷ್ಟ ನಾ ಹೇಳಲಿಲ್ಲ."

ಎದೆಯಲ್ಲಿ ಕೊಳ್ಳಿ ಇಟ್ಟ ಹಾಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಪ್ಪ ಮೋಸ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ಮೇಲೆ ನಾನು ಅಷ್ಟು ನಂಬಿಕೆ ಇಟ್ಟಿರಲಿಲ್ಲ. ಪರದೇಶದ ಚಳಿಯಲ್ಲಿ ಕೂತು ಇವಳೊಬ್ಬಳಿಗೇ ಎಂದು ಬರೆದದ್ದನ್ನು ಇವಳು ನನ್ನನ್ನೇ ಇಲ್ಲವಾಗಿಸಲು ಬಳಸಿಕೊಂಡಿದ್ದಳು. ಅವಳಿಗೆ ಬೇರೆ ದಾರಿ ಇರಲಿಲ್ಲ ಎಂಬುದು ನನಗೂ ಗೊತ್ತಾಗುತ್ತಿತ್ತು. ಗೊತ್ತಾದರೆ ಉರಿ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರು?

"ಫೋನಿನ್ಯಾಗ ನಗತಿದ್ದಿ" ಎಂದೆ.

"ಅತ್ತಿದ್ರ ನಿನಗ ಗೊತ್ತಾಗ್ತಿತ್ತು" ಎಂದಳು.

ನಾವು ಒಳಗೆ ಬರುವಾಗ ಪಡಸಾಲೆಯಲ್ಲಿ ಹತ್ತಾರು ಜನ ಕೂತಿದ್ದರು. ಗಾದಿ ಹಾಸಿತ್ತು. ಅತ್ತೆ ಕೈ ಮುಗಿದು, "ಒಂದೆರಡು ಧರ್ಮದ ಮಾತು ಹೇಳ್ರಿ, ಮಂದಿ ಕಾಯಾಕತ್ತಾರ" ಎಂದರು.

ಎರಡು ವರ್ಷ ನನ್ನ ಕೆಲಸವೇ ಅದಾಗಿತ್ತು. ಬೇಡ ಬೇಡ ಎಂದು ಬಾಗಿಲು ಮುಚ್ಚುವವರಿಗೆ ಹೇಳಿ ಹೇಳಿ ಗಂಟಲು ಪಳಗಿತ್ತು. ಇಲ್ಲಿ ತಾವಾಗಿಯೇ ಬಂದು ಕೂತವರು, ನನ್ನದೇ ಭಾಷೆಯವರು. ಸುಳ್ಳು ಹೇಳಬಾರದು ಎನ್ನುವುದು ಅವರ ವ್ರತದಲ್ಲೂ ಇದೆ, ನನ್ನದರಲ್ಲೂ ಇದೆ. ಗಾದಿಯ ಮೇಲೆ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ಉಸಿರು ತೆಗೆದುಕೊಂಡೆ. ತಂಗಿ ನನ್ನ ಮುಖದಲ್ಲಿ ಅದನ್ನು ಓದಿದಳು. ಚಿಕ್ಕಂದಿನಿಂದ ಓದುತ್ತಲೇ ಬಂದವಳು.

"ಅತ್ತೆರೀ, ಹೊತ್ತ ಮುಳುಗಾಕ ಬಂತು. ಹೊತ್ತ ಮುಳುಗಿದ ಮ್ಯಾಲ ಅವರು ಮಾತಾಡಂಗಿಲ್ಲ. ಅವರದು ಮೌನ ಇರತೈತ್ರಿ" ಎಂದಳು.

ಎಲ್ಲರೂ ಇನ್ನಷ್ಟು ಭಕ್ತಿಯಿಂದ ತಲೆ ಬಾಗಿಸಿದರು. ಒಬ್ಬ ಮುದುಕ ಮಕ್ಕಳನ್ನು ಗದ್ದಲ ಮಾಡಬೇಡಿರೆಂದು ಗದರಿಸಿದ. ನಾನು ತೆರೆದ ಬಾಯಿ ಮುಚ್ಚಿದೆ. ಅವಳ ಸಂಸಾರ ನನ್ನ ಒಂದು ಮಾತಿನ ಮೇಲೆ ನಿಂತಿತ್ತು, ಅದನ್ನು ಬೀಳಿಸಲು ನನ್ನಿಂದ ಆಗಲಿಲ್ಲ. ಆದರೆ ಕ್ಷಮಿಸಲೂ ಆಗಲಿಲ್ಲ.

ಬಸ್ಸಿಗೆ ಕಳಿಸಲು ಎಲ್ಲರೂ ಬಂದರು. ಬೂಟು ಡ್ರಮ್ಮಿನ ಹಿಂದೆಯೇ ಉಳಿದವು, ಬರಿಗಾಲಿನಲ್ಲಿ ನಡೆದೆ. ರಸ್ತೆಯ ಪಕ್ಕದಲ್ಲಿ ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿದರು, ತಂಗಿಯ ಗಂಡನೂ ಮುಟ್ಟಿದ. ಕೊನೆಗೆ ತಂಗಿ ಬಗ್ಗಿದಳು. ಬಗ್ಗಿದ್ದಲ್ಲಿಂದಲೇ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಇನ್ನ ಬರಬ್ಯಾಡ ದಾದಾ. ಬ್ರಹ್ಮಚಾರಿಗೋಳು ಪದೇ ಪದೇ ತಂಗಿ ಮನಿಗೆ ಬರೂದಿಲ್ಲ."

ಅತ್ತೆ ಪಕ್ಕದಲ್ಲೇ ನಿಂತಿದ್ದರು. ನನಗೆ ಮೌನ ಇತ್ತು. ಬಸ್ಸು ಬಂತು, ಹತ್ತಿದೆ.

ಆಮೇಲೆ ನನ್ನ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ತಂಗಿ ಅವರನ್ನು ನೋಡಿಲ್ಲ. ಬ್ರಹ್ಮಚಾರಿಗೆ ಮಕ್ಕಳು ಎಲ್ಲಿಂದ ಬರಬೇಕು? ಕಾಗವಾಡದವರ ಪಾಲಿಗೆ ನಾನು ಇನ್ನೂ ಯಾವುದೋ ಸಂಘದ ಹಿಂದೆ ನಡೆಯುತ್ತಿದ್ದೇನೆ. ಆ ಮನೆಯಲ್ಲಿ ನನ್ನ ಮಾತು ಬಂದಾಗಲೆಲ್ಲ ಎಲ್ಲರೂ ಕೈ ಮುಗಿಯುತ್ತಾರಂತೆ, ತಂಗಿಯೂ ಮುಗಿಯುತ್ತಾಳಂತೆ. ಅವ್ವ ನೋಡಿ ಬಂದು ಹೇಳಿದಳು.