ಕಮಾನಿನ ಕೆಳಗೆ ಕೆಸರಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಗುಂಡಿಯಲ್ಲಿ ಮೊಣಕಾಲುದ್ದ ಕೆಸರು, ಕೆಸರಿನಲ್ಲಿ ಎರಡು ಕಾಲು. ಉಟ್ಟ ಬಟ್ಟೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಕೋಲೊಂದನ್ನು ಊರಿಕೊಂಡು ಆಕೆ ತುಳಿಯುತ್ತಿದ್ದಾರೆ. ಮೊದಲು ಪಚಕ್ ಪಚಕ್, ಆಮೇಲೆ ಪಚಪಚ, ಕೊನೆಗೆ ಸದ್ದೇ ಇಲ್ಲ. ಸದ್ದು ಅಡಗಿದ ಕೂಡಲೇ ಆಕೆಯೂ ನಿಲ್ಲುತ್ತಾರೆ.

“ಈಗ ಹದಕ್ಕೆ ಬಂತು ನೋಡಿ. ಹಸಿ ಮಣ್ಣು ಬಾಯಿಬಡುಕಿ. ಪಳಗಿದ ಮೇಲೆ ತುಟಿ ಬಿಚ್ಚಲ್ಲ.”

“ಹಂಗಾದ್ರೆ ನೀವಿನ್ನೂ ಹಸಿಯಾಗೇ ಇದ್ದೀರಿ ಅತ್ತೆ,” ಎನ್ನುತ್ತಾಳೆ ಗುಂಡಿಯ ದಂಡೆಯಲ್ಲಿ ಮಣ್ಣಿಗೆ ಬೆರೆಸಲು ಹುಲ್ಲು ಕತ್ತರಿಸುತ್ತಿರುವ ಸೊಸೆ. ಅತ್ತೆಯ ಕೈಯಿಂದ ಒಂದು ಹಿಡಿ ಕೆಸರು ಹಾರುತ್ತದೆ. ಸೊಸೆ ತಲೆ ಬಗ್ಗಿಸುತ್ತಾಳೆ. ಇದು ದಿನಾ ಇದ್ದದ್ದೇ ಇರಬೇಕು, ಇಬ್ಬರಿಗೂ ಗುರಿ ಚೆನ್ನಾಗಿ ಗೊತ್ತಿದೆ.

ಇಲ್ಲಿ ಕೂಲಿಗೆ ಮಣ್ಣು ತುಳಿಯುವ, ಐವತ್ತೆಂಟರ ಈಕೆಯನ್ನು ಎಲ್ಲರೂ ಕರೆಯುವುದು ಕೆಸರಕ್ಕ ಎಂದೇ. ಪಟ್ಟಣದ ಕೆಲಸ ಬಿಟ್ಟು ಬಂದ ಹನ್ನೊಂದು ಕುಟುಂಬಗಳು ಬೋಳುಗುಡ್ಡವೊಂದನ್ನು ಒಟ್ಟಾಗಿ ಕೊಂಡುಕೊಂಡು, ಕೂಡಿ ಬಾಳುತ್ತಿರುವ ಜಾಗವಿದು. ಬಾವಿ ಒಂದು, ಹೊಲ ಒಂದು, ಒಲೆಯೂ ಒಂದೇ. ಬಚ್ಚಲ ನೀರು ಗಿಡಗಳಿಗೆ, ಬಿಸಿಲು ದೀಪಗಳಿಗೆ. ಮನೆ ಕಟ್ಟುವುದಾದರೆ ಕಾಲಡಿಯ ಮಣ್ಣಿನಲ್ಲೇ ಎಂಬುದು ಇವರ ನೇಮ. ನೋಡಲು ಬಂದವರು ಗೋಡೆಗೆ ಅಂಗೈಯಿಟ್ಟು ತಂಪನ್ನು ಹೊಗಳುತ್ತಾರೆ, ಫೋಟೊ ತೆಗೆಯುತ್ತಾರೆ. ಆ ಗೋಡೆಗಳ ಹಿಡಿಹಿಡಿ ಮಣ್ಣೂ ಈ ಪಾದಗಳ ಕೆಳಗೆ ಹಾದು ಬಂದದ್ದೆಂಬುದು ಫೋಟೊದಲ್ಲಿ ಕಾಣುವುದಿಲ್ಲ.

ದಿನಕ್ಕೆ ನಾಲ್ಕು ಗುಂಡಿ ಮಣ್ಣು. ಅತ್ತೆ ಸೊಸೆ ಸೇರಿ ನೂರಿಪ್ಪತ್ತು ಇಟ್ಟಿಗೆ. ಒಂಬತ್ತು ವರ್ಷದಲ್ಲಿ ಹದಿಮೂರು ಮನೆ. ಮಧ್ಯಾಹ್ನ ತಟ್ಟೆ ಗುಂಡಿಯ ಹತ್ತಿರಕ್ಕೇ ಬರುತ್ತದೆ. ಒಳಗೆ ಬನ್ನಿ ಎಂದು ಕರೆಯದವರಿಲ್ಲ, ಆದರೆ ಕೆಸರಕ್ಕ ಒಪ್ಪುವುದಿಲ್ಲ. “ನಾನೇ ಸಾರಿಸಿ ನುಣುಪು ಮಾಡಿದ ನೆಲ. ಈ ಕಾಲಲ್ಲಿ ಹೆಂಗೆ ತುಳೀಲಿ?”

ಇವತ್ತು ಮಾತ್ರ ಆ ಕಾಲುಗಳು ನೆಲದ ಮೇಲೆ ನಿಲ್ಲುತ್ತಿಲ್ಲ. ಎಲ್ಲರೂ ಕೂತು ಉಣ್ಣುವ ಹೊಸ ಊಟದ ಮನೆಯ ಹೆಬ್ಬಾಗಿಲಿಗೆ ಕಮಾನು ಏರಿದೆ. ಎಂಟು ಅಡಿ ಅಗಲ. ಕಬ್ಬಿಣವಿಲ್ಲ, ಸಿಮೆಂಟಿಲ್ಲ, ಸುಡದ ಮಣ್ಣಿಟ್ಟಿಗೆ ಮತ್ತು ಕೆಸರು ಮಾತ್ರ. ನಿನ್ನೆ ಮಧ್ಯಾಹ್ನದಿಂದ, ಕೆಳಗೆ ಆಸರೆಗಿಟ್ಟ ಮರದ ಅಚ್ಚಿನ ಮೇಲೆ ಎರಡೂ ಕಡೆಯಿಂದ ಇಟ್ಟಿಗೆಗಳು ಹತ್ತಿ ಬಂದಿವೆ. ಕೆಸರು ಒಣಗದಂತೆ ಒದ್ದೆ ಗೋಣಿ ಹೊದಿಸಿದ್ದಾರೆ. ನೆತ್ತಿಯಲ್ಲಿ ಒಂದೇ ಒಂದು ಇಟ್ಟಿಗೆಯ ಜಾಗ ಖಾಲಿ. ಅದನ್ನು ಕೂರಿಸಿ, ಹಸಿ ಇರುವಾಗಲೇ ಅಚ್ಚು ಇಳಿಸಬೇಕೆಂದು ಕೆಸರಕ್ಕನ ಹಟ.

ನಿಂತರೆ ಸರಿ. ಬಿದ್ದರೆ ಉಳಿದ ಆರು ಬಾಗಿಲಿಗೂ ಸಿಮೆಂಟೇ ಎಂದು ಹೋದ ತಿಂಗಳ ಸಭೆ ತೀರ್ಮಾನಿಸಿದೆ. ಸಿಮೆಂಟು ಕಾಲಿಟ್ಟ ಮೇಲೆ ಮಣ್ಣು ತುಳಿಯುವ ಕಾಲಿಗೆ ಇಲ್ಲೇನು ಕೆಲಸ?

ಸಭೆ ಹಾಗೆ ಹೇಳಲು ಕಾರಣವಿದೆ. ಹೋದ ವರ್ಷ ಇದೇ ಜಾಗದಲ್ಲಿ ಇಂಥದೇ ಕಮಾನು ಕಟ್ಟಿದ್ದರು. ನಕ್ಷೆ ಬರೆದವರು ಇಲ್ಲಿಯೇ ವಾಸವಿರುವ, ನಿವೃತ್ತರಾದ ಲೆಕ್ಕದ ಮೇಷ್ಟ್ರು. ಚೆನ್ನಾಗಿ ಒಣಗಲಿ ಎಂದು ಬಾಣಂತಿಯನ್ನು ನೋಡಿಕೊಂಡಂತೆ ಇಪ್ಪತ್ತೊಂದು ದಿನ ಅಚ್ಚಿನ ಮೇಲೇ ಕಾಪಾಡಿದರು. ಒಣಗುತ್ತ ಕೆಸರು ಕುಗ್ಗಿತು, ಕೆಳಗಿನ ಮರ ಕುಗ್ಗಲಿಲ್ಲ. ಕುಗ್ಗಿದ ಕಮಾನಿಗೆ ಇಳಿದು ಕೂರಲು ಜಾಗವಿಲ್ಲದೆ ಸಂದುಸಂದೂ ಬಿರುಕು ಬಿಟ್ಟಿತು. ಅಚ್ಚು ಎಳೆದ ಕೂಡಲೇ ಧೊಪ್ಪೆಂದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಒಂದು ಬಕೆಟ್ ಅಪ್ಪಚ್ಚಿಯಾಯಿತು.

“ನಮ್ಮಪ್ಪ ಇಟ್ಟಿಗೆ ಭಟ್ಟಿಗಳ ಬಾಯಿಗೆ ಕಮಾನು ಕಟ್ಟೋನು. ಇದ್ದದ್ದು ಒಂದೇ ಅಚ್ಚು. ಕಟ್ಟಿದ ದಿನವೇ ಕಳಚಿ ಮುಂದಿನ ಭಟ್ಟಿಗೆ ಹೊತ್ಕೊಂಡು ಹೋಗೋನು. ಹಸಿ ಇದ್ದಾಗ ಇಳಿಸಿದ್ರೆ ಇಟ್ಟಿಗೆ ಒಂದನ್ನೊಂದು ತಬ್ಕೊಂಡು ಕೂರುತ್ತೆ ಅಂತ ನಂಗೆ ಗೊತ್ತಿತ್ತು. ಆದ್ರೆ ಓದಿದೋರು ಹೇಳ್ತಿದ್ದಾರಲ್ಲ ಅಂತ ಬಾಯಿ ಬಿಡಲಿಲ್ಲ. ಬಿದ್ದಿದ್ದು ಅವರ ಲೆಕ್ಕದಿಂದಲ್ಲ, ಮುಚ್ಚಿದ ನನ್ನ ಬಾಯಿಂದ.” ಇಷ್ಟು ಹೇಳಿ ಕೆಸರಕ್ಕ ಕೋಲನ್ನು ಗೋಡೆಗೆ ಒರಗಿಸುತ್ತಾರೆ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಇಡೀ ನೆಲೆಯೇ ಬಾಗಿಲ ಮುಂದೆ ಸೇರಿದೆ. ಕೆಸರಕ್ಕ ಏಣಿ ಹತ್ತಿ ಗೋಣಿ ಸರಿಸಿ, ನೆತ್ತಿಯ ಇಟ್ಟಿಗೆಯನ್ನು ಇಟ್ಟು ಕರಣೆಯ ಹಿಡಿಯಿಂದ ಮೂರೇಟು ಹಾಕುತ್ತಾರೆ. ಕೆಳಗಿಳಿದು ಅಚ್ಚಿನ ಕಾಲುಗಳ ಬಳಿ ಕುಳಿತು ಅಚ್ಚನ್ನು ಎತ್ತಿ ಹಿಡಿದ ಮರದ ಬೆಣೆಗಳನ್ನು ಮುಟ್ಟಿ ನೋಡುತ್ತಾರೆ.

“ಇನ್ನೊಂದು ವಾರ ಬಿಡೋಣವಾ ಅಕ್ಕಾ?” ಮೇಷ್ಟ್ರು ಹತ್ತಿರ ಬಂದು ಕೇಳುತ್ತಾರೆ.

“ಬೇಡ ಮೇಷ್ಟ್ರೇ. ಹೋದ್ ಸಲ ನೀವು ಹೇಳಿದ್ರಿ, ನಾನು ಕೇಳಿದೆ. ಈ ಸಲ ನಾನು ಹೇಳ್ತೀನಿ.”

“ಆಗಲಿ. ಇದು ನಿಂತ್ರೆ ನಾನೇ ನಿಮಗೆ ಬಡಿಸ್ತೀನಿ.”

“ಎಲ್ರೂ ಕೇಳಿಸ್ಕೊಂಡ್ರಾ?” ಎನ್ನುತ್ತಾಳೆ ಸೊಸೆ.

ಈ ಕಡೆ ಅತ್ತೆ, ಆ ಕಡೆ ಸೊಸೆ. ಒಂದೇ ಸಲಕ್ಕೆ ಎರಡು ಸುತ್ತಿಗೆ. ಠಕ್. ಬೆಣೆ ಕೂದಲೆಳೆಯಷ್ಟು ಸರಿಯುತ್ತದೆ. ಠಕ್. ಅಚ್ಚು ತುಸು ತಗ್ಗುತ್ತದೆ. ಮೇಲಿನಿಂದ ಕಿರ್ರ್ ಎಂಬ ಸಣ್ಣ ಸದ್ದು, ಚಿಟಿಕೆ ಮಣ್ಣು ಉದುರುತ್ತದೆ. ಯಾರೋ “ಅಯ್ಯೋ” ಎಂದುಬಿಡುತ್ತಾರೆ. ಕೆಸರಕ್ಕ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಾರೆ. ಬೆಳಗಿನ ಗುಂಡಿಯ ಹಾಗೆ ಕಮಾನೂ ಗುನುಗುಡುತ್ತ, ಗುನುಗುಡುತ್ತ ಮೌನವಾಗುತ್ತದೆ.

“ಕೂತ್ಕೊಂಡ್ತು,” ಎಂದು ಅವರು ಪಿಸುಗುಡುತ್ತಾರೆ.

ಮತ್ತೆ ಠಕ್, ಠಕ್. ಕೆಸರಕ್ಕ ಸೊಸೆಯ ಕೈಯಿಂದ ಒಂದು ಹುಲ್ಲುಕಡ್ಡಿ ಇಸಿದುಕೊಂಡು ಅಚ್ಚಿಗೂ ಇಟ್ಟಿಗೆಗೂ ನಡುವೆ ತೂರಿಸುತ್ತಾರೆ. ಎಲ್ಲೂ ತಡೆಯದೆ ಅದರ ತುದಿ ಬಾಗಿಲ ಆಚೆ ಬದಿಯಲ್ಲಿ ಇಣುಕುತ್ತದೆ. ಕಮಾನನ್ನು ಈಗ ಮರ ಹೊತ್ತಿಲ್ಲ! ಕೇಕೆ, ಸಿಳ್ಳೆ. ಅಚ್ಚನ್ನು ಎಳೆದು ತೆಗೆದ ಮೇಲೆ ಯಾರಿಗೂ ಕಾಯದೆ ಕೆಸರಕ್ಕ ಬರಿಯ ಕಮಾನಿನ ನಡುವೆ ಹೋಗಿ, ತಲೆಯೆತ್ತಿ ನಿಲ್ಲುತ್ತಾರೆ. ಬಿದ್ದರೆ ಮೊದಲು ತನ್ನ ಮೇಲೆ ಬೀಳಲಿ ಎಂಬಂತೆ. ಒಂದು ಹರಳೂ ಉದುರುವುದಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಕನ್ನಡಕವನ್ನಲ್ಲ, ಕಣ್ಣನ್ನು.

ಗದ್ದಲ ಕರಗಿದ ಮೇಲೆ ಕೆಸರಕ್ಕನನ್ನು ಹುಡುಕಿದರೆ ಮತ್ತೆ ಗುಂಡಿಯಲ್ಲೇ ಇದ್ದಾರೆ. ಎರಡನೆಯ ಕಮಾನಿಗೆ ಮಣ್ಣು ಬೇಕಲ್ಲ. ಇನ್ನೇನು ಆಸೆ ಇದೆ ಎಂದು ಕೇಳಿದರೆ ತುಳಿಯುತ್ತಲೇ ಯೋಚಿಸುತ್ತಾರೆ.

“ಊಟದ ಮನೆ ಮುಗೀಲಿ. ಒಂದಿನ ಕಾಲು ತೊಳ್ಕೊಂಡು, ಆ ಬಾಗಿಲಿಂದ ಒಳಗೆ ಹೋಗಿ, ಎಲ್ರ ಜೊತೆ ಕೂತು ಉಣ್ಣಬೇಕು. ಮೇಷ್ಟ್ರು ಬಡಿಸ್ತಾರಲ್ಲ, ಅವಸರ ಮಾಡಲ್ಲ ನಾನು. ಮೂರು ಸಲ ಹಾಕಿಸ್ಕೊಂಡು ನಿಧಾನಕ್ಕೆ ಉಣ್ತೀನಿ.”