ಚಿಕ್ಕಮ್ಮನ ಜ್ವರವೂ ಪರೀಕ್ಷೆಯ ಪರೀಕ್ಷೆಯೂ

ಮುದ್ದೆಯಿಲ್ಲದ್ದನ್ನು ಊಟವೆಂದೇ ಒಪ್ಪದ ನನ್ನ ಚಿಕ್ಕಮ್ಮ ರಂಗಮ್ಮ, ಒಂದೇ ವರ್ಷದಲ್ಲಿ ಮೂರನೆಯ ಸಲ ಹಾಲಿನಲ್ಲಿ ಬ್ರೆಡ್ಡು ಅದ್ದಿಕೊಂಡು ಕೂತಿದ್ದಳು. ಕಳ್ಳಂಬೆಳ್ಳದಿಂದ ಜ್ವರ ಹೊತ್ತು ಶಿರಾದ ನಮ್ಮ ಮನೆಗೆ ಬಂದಾಗಲೆಲ್ಲ ರಕ್ತಪರೀಕ್ಷೆಯ ಚೀಟಿ ‘ಟೈಫಾಯ್ಡ್’ ಎನ್ನುತ್ತಿತ್ತು. ಮಾತ್ರೆಗೆ ಇಳಿದ ಜ್ವರ ಕೆಲವೇ ವಾರಗಳಲ್ಲಿ ಮರಳುತ್ತಿತ್ತು. ಈ ಸಲ ಗೋಡೆ ಹಿಡಿಯದೆ ನಿಲ್ಲಲಾರದಷ್ಟು ಸೊರಗಿದ್ದಳು.

ನಾನು ವೈದ್ಯಕೀಯ ಕಾಲೇಜಿನ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಅದನ್ನು ಬಲ್ಲ ನಮ್ಮ ಬೀದಿಯ ಡಾಕ್ಟರಮ್ಮ, “ಈ ಪರೀಕ್ಷೆ ಮೇಲೆ ನನಗೂ ಅನುಮಾನ ಇದೆ ಮೇಡಂ. ಇದು ಎಷ್ಟು ಸಲ ಸರಿ ಹೇಳುತ್ತೆ ಅಂತ ಅಧ್ಯಯನ ಮಾಡಿರೋರ ಬರಹ ಹುಡುಕಿ ಕೊಡ್ತೀರಾ?” ಎಂದರು.

ಕಂಪ್ಯೂಟರಿನಲ್ಲಿ ವೈದ್ಯಕೀಯ ಬರಹಗಳ ಸೂಚಿ ತೆರೆದು, ಜ್ವರದ ಹೆಸರು, ಪರೀಕ್ಷೆಯ ಹೆಸರುಗಳ ಜೊತೆಗೆ ‘ನಿಖರತೆ’ ಎಂಬರ್ಥದ ಪದವನ್ನೂ ಕೊಟ್ಟೆ, ಬೆರಳೆಣಿಕೆಯಷ್ಟು ಬರಹಗಳು ಬಂದವು. ಈ ಹೆಸರು ಹಿಡಿದು ಹುಡುಕಿದರೆ ಇಷ್ಟೇನಾ ಸಿಗೋದು ಎಂದು ಗೊಣಗಿದ್ದು ಚಿಕ್ಕಮ್ಮನಿಗೆ ಕೇಳಿಸಿತು.

“ರೇಷನ್ ಕಾರ್ಡ್ ಹೆಸ್ರು ಇಡ್ಕಂಡು ಕೇಳಿದ್ರೆ ನಮ್ಮೂರಾಗೆ ನಾನೂ ಸಿಕ್ಕಾಕಿಲ್ಲ ಕಣಮ್ಮ. ಬಾವಿ ಮನೆಯೋಳು ಅಂದ್ರೆ ಎಲ್ರಿಗೂ ಗೊತ್ತು.”

ಮೂವತ್ತು ವರ್ಷ ಪುಸ್ತಕಗಳಿಗೆ ವರ್ಗ, ಸಂಖ್ಯೆ ಬರೆದ ನನಗೆ, ಬರೆಯುವವರು ನಾವಿಟ್ಟ ಹೆಸರಿಗೆ ಕಟ್ಟುಬಿದ್ದು ಬರೆಯುವುದಿಲ್ಲವೆಂಬುದು ಮರೆತೇಹೋಗಿತ್ತು, ನೋಡಿ. ಆ ಪದ ಕೈಬಿಟ್ಟು, ಜ್ವರದ ಹೆಸರು, ಪರೀಕ್ಷೆಯ ಹೆಸರು ಎರಡನ್ನೇ ಹಿಡಿದು ಹುಡುಕಿದೆ. ರಾಶಿಯೇ ಬಂತು, ಸಂಜೆಯವರೆಗೂ ಒಂದೊಂದರ ಸಾರಾಂಶ ಓದಿದೆ. ಪರೀಕ್ಷೆಯನ್ನು ನಿಜವಾಗಿ ತೂಗಿ ನೋಡಿದ ಹಲವು ಬರಹಗಳ ಶೀರ್ಷಿಕೆಯಲ್ಲಿ ‘ನಿಖರತೆ’ಯ ಸುಳಿವೇ ಇರಲಿಲ್ಲ. ಹಿಂದೆಂದೋ ಬಂದುಹೋದ ಸೋಂಕಿಗೂ ಈ ಪರೀಕ್ಷೆ ಹೌದೆನ್ನಬಹುದು, ಇದೊಂದನ್ನೇ ನಂಬಿ ಕೂರಬಾರದು ಎಂಬುದೇ ಅವುಗಳ ಒಟ್ಟು ಮಾತು. ಎಲ್ಲಿಯೋ ಕೂತು, ನಮ್ಮ ಮುಖ ಕಾಣದೆಯೇ ಯಾರೋ ನಮಗಾಗಿ ಅನುಮಾನಪಟ್ಟಿದ್ದಾರಲ್ಲ ಎನಿಸಿ ಮನಸ್ಸು ತುಂಬಿತು.

ಡಾಕ್ಟರಮ್ಮ ಓದಿದರು, ಮರುದಿನವೇ ರಕ್ತವನ್ನೂ ಮೂತ್ರವನ್ನೂ ಬೇರೆ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಟೈಫಾಯ್ಡಿನ ರೋಗಾಣು ಸಿಗಲಿಲ್ಲ, ಮೂತ್ರದಲ್ಲಿ ಸೋಂಕಿತ್ತು. ಅದಕ್ಕೆ ತಕ್ಕ ಔಷಧಿ ಬಿದ್ದ ಮೇಲೆ ಜ್ವರ ಇಳಿಯಿತು, ತಿಂಗಳುಗಳು ಕಳೆದರೂ ಮರಳಲಿಲ್ಲ.

ಮೊನ್ನೆ ತಾನೇ ಬಸ್ಸು ಹತ್ತಿ ಬಂದ ಚಿಕ್ಕಮ್ಮ ಕೇಳಿದಳು: “ಆ ಎಲ್ಡ್ನೇ ಪರೀಕ್ಸೆ ಏಳಿದ್ದು ದಿಟವಾ ಅಂತಾನೂ ನೋಡಿದ್ಯಾ?”

ನಾನು ನೋಡಿರಲಿಲ್ಲ. ಅವಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕಂಪ್ಯೂಟರು ತೆರೆದೆ.